ಕಾರಹುಣ್ಣಿಮೆಯ ಕೈತುತ್ತು

ಫೆಬ್ರವರಿ ೩, ಸೋಮವಾರ. ಬೆ. ೫.೫೦

ಮತ್ತೆ ಕಚ್ಚಿತು. ಎಡಗೈ, ಮೊಣಕೈಗಿಂತ ಸ್ವಲ್ಪ ಮೇಲೆ. ಸ್ವೆಟರ್ ಇದ್ದದ್ದರಿಂದ ಬರೀ ಹಲ್ಲಿನ ಗುರುತು. ಹೋದ ವಾರದ ಗಾಯ ಇನ್ನೂ ನೀಲಿ ಇದೆ, ಅದರ ಪಕ್ಕದಲ್ಲೇ ಇದು.

ಕುದುರೆ ಕೊಂಡು ಇಪ್ಪತ್ತೊಂದು ದಿನ. ಮೂರು ಸಲ ಕಚ್ಚಿದೆ, ಒಂದು ಸಲ ಒದ್ದಿದೆ, ಒಂದು ಸಲ ಬೇಕೆಂದೇ ನನ್ನ ಕಾಲಬೆರಳ ಮೇಲೆ ನಿಂತಿದೆ. ಹೆಸರು ಸ್ವೀಟಿ. ಮೊದಲಿನ ಮಾಲೀಕ ಇಟ್ಟದ್ದು — ಅವನಿಗೆ ಒಳ್ಳೆಯ ಹಾಸ್ಯಪ್ರಜ್ಞೆ. ಬಿಳಿ ಹೆಣ್ಣುಕುದುರೆ, ಒಂಬತ್ತು ವರ್ಷ, ಮದುವೆಯ ಮೆರವಣಿಗೆಗೆ ಹೋಗುವಂಥದ್ದು.

ರಾತ್ರಿ ಗಾಯ ನೋಡಿ ಹೆಂಡತಿ ಕಾಂಚನಾ ಅರಿಶಿನದ ಜೊತೆ ಮಾತನ್ನೂ ಮೆತ್ತುತ್ತಾಳೆ. ಮೊನ್ನೆ ಅಂದಳು: "ರಿಕ್ಷಾ ತಗೋರಿ ಅಂದ್ರ ಕುದರಿ ತಂದ್ರಿ. ರಿಕ್ಷಾ ಕಚ್ಚತಿದ್ದಿಲ್ಲ."

"ಎತ್ತ ಕಟ್ಟಿದ ಮನಿಯಾಗ ಹುಟ್ಟಿದವ ನಾ. ನನಗ ಕುದರಿ ಏನ್ ದೊಡ್ಡದು?" ಅಂದೆ. ಇನ್ನೂ ಅದೇ ಮಾತು. ಇಂಡಿ ತಾಲೂಕಿನಲ್ಲಿ ನಮ್ಮಪ್ಪನ ಹತ್ತಿರ ಎರಡು ಜೋಡಿ ಎತ್ತುಗಳಿದ್ದವು. ನಾನು ನಡೆಯಲು ಕಲಿತದ್ದೇ ಅವುಗಳ ಬಾಲ ಹಿಡಿದು.

ಇದನ್ನೆಲ್ಲ ಯಾಕೆ ಬರೆಯುತ್ತೇನೋ. ರಬಾಳೆಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದೆ. ಪ್ರತಿ ಪಾಳಿಗೂ ಲಾಗ್‌ಬುಕ್ — ತಾರೀಖು, ಗಂಟೆ, ಏನು ಎತ್ತಿದೆ, ಏನು ಕೆಟ್ಟಿತು. ಕಾರ್ಖಾನೆ ಗುಜರಾತಿಗೆ ಹೋಯಿತು, ಹೊಟ್ಟೆಪಾಡಿಗೆ ಈ ಕುದುರೆ ಬಂತು. ಬರೆಯುವ ಚಟ ನನ್ನ ಹತ್ತಿರ ಉಳಿಯಿತು.

ಫೆಬ್ರವರಿ ೫. ಬೆ. ೬.೧೦

ನನ್ನ ಕುದುರೆ ಇರುವುದು ಕಲ್ಯಾಣದ ಗಂಧಾರೆಯಲ್ಲಿ, ಎಮ್ಮೆ ತಬೇಲಾದ ಹಿಂದಿನ ತಗಡಿನ ಶೆಡ್‌ನಲ್ಲಿ. ಮನೆ ಡೊಂಬಿವಲಿ. ದಿನಾ ಬೆಳಗಿನ ಮೊದಲ ಲೋಕಲ್ ರೈಲು.

ಅದೇ ಶೆಡ್ಡಿನ ಆ ತುದಿಯಲ್ಲಿ ಚನಿಯ ಕಾಕಾ ಇರುತ್ತಾನೆ. ಎಪ್ಪತ್ತು ದಾಟಿದೆ. ಬೆಳ್ತಂಗಡಿ ಕಡೆಯವನು. ಮೂವತ್ತೈದು ವರ್ಷ ರೇಸ್ ಕುದುರೆಗಳನ್ನು ನೋಡಿಕೊಂಡವನು, ಈಗ ಬೇರೆಯವರ ಎರಡು ಮದುವೆ ಕುದುರೆಗಳನ್ನು ನೋಡಿಕೊಳ್ಳುತ್ತಾನೆ. ಕುದುರೆಗಳ ಜೊತೆ ತುಳು, ನನ್ನ ಜೊತೆ ಕನ್ನಡ, ಎಮ್ಮೆಯವರ ಜೊತೆ ಬೈಗುಳ.

ಇವತ್ತು ನಾನು ಅಂಗೈಯಲ್ಲಿ ಬೆಲ್ಲ ಹಿಡಿದು ಹೋದೆ. ಸ್ವೀಟಿ ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸಿತು. ಕಾಕಾ ದೂರದಿಂದಲೇ ಕೂಗಿದ.

"ಬೆಲ್ಲ ತೆಗಿ ಮಾರಾಯ! ಅದನ್ನು ಕಂಡ್ರೆ ಅವಳಿಗೆ ಆಗುದಿಲ್ಲ."

"ಬೆಲ್ಲ ಕಂಡ್ರ ಆಗದ ದನಾ ಎಲ್ಲೈತಿ ಕಾಕಾ?"

"ದನ ಅಲ್ಲ ಅದು. ಮೊದ್ಲಿನವ ಎಂತ ಮಾಡ್ತಿದ್ದ ಗೊತ್ತುಂಟಾ? ಒಂದು ಕೈಯಲ್ಲಿ ಬೆಲ್ಲ ತೋರಿಸುದು. ಪಾಪ, ಬಾಯಿ ಹಾಕಿದ ಕೂಡ್ಲೆ ಇನ್ನೊಂದು ಕೈಯಲ್ಲಿ ಹಗ್ಗ ಹಿಡ್ಕೊಂಡು ಬಡಿಯುದು. ಬ್ಯಾಂಡಿಗೆ ಕುಣಿಲಿಕ್ಕೆ ಕಲಿಸಿದ್ದೇ ಹಾಗೆ. ಈಗ ಮನುಷ್ಯರ ಕೈ ಕಂಡ್ರೆ ಕಚ್ತದೆ. ಅವಳದ್ದು ತಪ್ಪುಂಟಾ?"

ಬೆಲ್ಲ ನಾನೇ ತಿಂದೆ. 

ನಮ್ಮಪ್ಪ ಹೇಳುತ್ತಿದ್ದ, ಕೈತುತ್ತು ತಿನ್ನದ ಎತ್ತು ಮನೆಯ ಎತ್ತಲ್ಲ ಅಂತ. ಹೊಸ ಎತ್ತು ತಂದರೆ ತನ್ನ ಕೈಯಿಂದ ತಿನ್ನುವವರೆಗೆ ನೊಗಕ್ಕೆ ಹೂಡುತ್ತಿರಲಿಲ್ಲ. ಇದೂ ಅಷ್ಟೇ. ನನ್ನ ಕೈಯಿಂದ ಒಂದು ತುತ್ತು ತಿನ್ನಲಿ. ಅಲ್ಲಿಯವರೆಗೆ ನಾನು ಬರೀ ಮೇವು ಹಾಕುವವನು.

ಫೆಬ್ರವರಿ ೯, ಭಾನುವಾರ. ರಾ. ೮.೦೦

ಬರೆಯಬಾರದು ಅಂದುಕೊಂಡಿದ್ದೆ. ಲಾಗ್‌ಬುಕ್‌ನಲ್ಲಿ ಕೆಟ್ಟದ್ದನ್ನು ಮೊದಲು ಬರೆಯಬೇಕು ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ಸರಿ. ಇವತ್ತು ಹೊಡೆದೆ.

ಘೋಡಬಂದರ್ ರಸ್ತೆಯ ಒಂದು ಹಾಲ್‌ನಲ್ಲಿ ಮದುವೆ. ನಾಲ್ಕಕ್ಕೆ ಅಲ್ಲಿರಬೇಕಿತ್ತು. ಸ್ವೀಟಿ ಟೆಂಪೋ ಹತ್ತಲಿಲ್ಲ. ಮುಂದಿನಿಂದ ಎಳೆದೆ. ಹಿಂದಿನಿಂದ ನೂಕಿದೆ. ಎರಡು ತಾಸು. ಟೆಂಪೋದವನು ನಗುತ್ತಿದ್ದ, ಮದುವೆಯವರ ಫೋನು ಮೇಲಿಂದ ಮೇಲೆ. ಹಗ್ಗದ ತುದಿಯಿಂದ ಒಂದೇ ಏಟು, ಕುತ್ತಿಗೆಗೆ.

ಕಚ್ಚುತ್ತದೆ ಅಂದುಕೊಂಡೆ. ಕಚ್ಚಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತಿತು. ಇದು ಯಾವತ್ತೋ ಬರುವುದಿತ್ತು, ಬಂತು, ಎನ್ನುವ ಹಾಗೆ. ಎರಡನೆಯ ಏಟಿಗೂ ಕುತ್ತಿಗೆ ಹಾಗೇ ಇಟ್ಟುಕೊಂಡು ಕಾಯುತ್ತಿತ್ತು.

ಮದುಮಗ ಕಾರಿನ ಸನ್‌ರೂಫಿನಿಂದ ತಲೆ ಹೊರಗೆ ಹಾಕಿಕೊಂಡು ಮೆರವಣಿಗೆ ಹೋದನಂತೆ. ಕಾಂಚನಾಗೆ ಕುದುರೆ ಟೆಂಪೋ ಹತ್ತಲಿಲ್ಲ ಅಂತ ಮಾತ್ರ ಹೇಳಿದೆ.

ಫೆಬ್ರವರಿ ೧೦

ಹೋಗಲಿಲ್ಲ. ಕಾಕಾಗೆ ಫೋನ್ ಮಾಡಿ ಮೇವು ಹಾಕು ಅಂದೆ. ಆತ "ಹ್ಞೂಂ" ಅಂತಷ್ಟೇ ಹೇಳಿದ. ಹೊಡೆದದ್ದನ್ನು ನೋಡಿರಬೇಕು.

ಫೆಬ್ರವರಿ ೧೨. ಬೆ. ೬.೩೦

ಬಕೆಟ್ ಬೋರಲು ಹಾಕಿ ಕೂತು ಬರೆಯುತ್ತಿದ್ದೇನೆ. ಸ್ವೀಟಿಯ ಲಾಯದೊಳಗೇ. ಅದಕ್ಕೆ ಬೆನ್ನು ಹಾಕಿ.

ಕಾಕಾನ ಔಷಧ ಇದು. "ದಿನಕ್ಕೆ ಒಂದು ಗಂಟೆ ಹೀಗೆ ಕೂತ್ಕೋ. ಮುಖ ನೋಡ್ಬೇಡ. ಕೈ ಚಾಚ್ಬೇಡ."

"ಕುಂತು ಏನ್ ಮಾಡ್ಲಿ?"

"ಎಂತದೂ ಮಾಡ್ಲಿಕ್ಕಿಲ್ಲ. ಅದೇ ಕೆಲ್ಸ."

"ಎತ್ತಿಗೆ ಹಿಂಗೆಲ್ಲಾ..."

"ಎತ್ತಿಗೆ ಮೂಗುದಾರ ಉಂಟು ಮಾರಾಯ. ಇವಳು ಬರ್ಬೇಕಾದ್ರೆ ಅವಳಿಗೇ ಬರ್ಬೇಕು ಅಂತ ಅನಿಸ್ಬೇಕು."

ಬೆನ್ನ ಹಿಂದೆ ಮುನ್ನೂರೈವತ್ತು ಕಿಲೋ ಸಿಟ್ಟು ನಿಂತಿದೆ.  ಕ್ರೇನಿಗೆ ನೇತಾಡುವ ಲೋಡಿನ ಕೆಳಗೆ ನಿಲ್ಲಬಾರದು ಎಂದು ಇಪ್ಪತ್ತಾರು ವರ್ಷ ಬೇರೆಯವರಿಗೆ ಕೂಗಿದವನು ನಾನು.

ಫೆಬ್ರವರಿ ೧೯. ಬೆ. ೬.೧೫

ಎಂಟನೆಯ ದಿನ. ಏನೂ ಇಲ್ಲ. ಬೆನ್ನು ನೋವು.

ಫೆಬ್ರವರಿ ೨೪. ಬೆ. ೬.೪೦

ಈ ಪುಟದ ಮೇಲಿನ ಮೂಲೆ ಇಲ್ಲ. ತಿಂದಿದ್ದಾಳೆ!

ಬರೆಯುತ್ತಾ ಕೂತಿದ್ದೆ. ಕತ್ತಿಗೆ ಬಿಸಿ ಉಸಿರು. ಉಸಿರು ಬಿಗಿಹಿಡಿದೆ. ಮೊದಲು ಕೂದಲು ಮೂಸಿದಳು. ಆಮೇಲೆ ಕಿವಿ. ಆಮೇಲೆ ಹೆಗಲ ಮೇಲಿಂದ ಮೂತಿ ಚಾಚಿ, ಫರ್ರನೆ ಕಾಗದ ಹರಿದುಕೊಂಡು ಹೋಗಿ ಮೂಲೆಯಲ್ಲಿ ನಿಂತು ಜಗಿದಳು. ನಕ್ಕರೆ ಹೆದರುತ್ತಾಳೆ ಅಂತ ನಗು ನುಂಗಿ ಕಣ್ಣಲ್ಲಿ ನೀರು ಬಂತು.

ಕಾಕಾಗೆ ತೋರಿಸಿದೆ. "ಓದ್ಲಿಕ್ಕೆ ತಕೊಂಡದ್ದು" ಅಂದ.

ಮಾರ್ಚ್ ೧೪. ಸಂ. ೫.೦೦

ಹೋಳಿ. ತಬೇಲಾದ ಹುಡುಗರು ಬೆಳಗ್ಗೆಯಿಂದ ತಾಶಾ ಡೋಲು ಬಡಿಯುತ್ತಿದ್ದರು. ಸ್ವೀಟಿ ನಡುಗುತ್ತಿದ್ದಳು. ಮೈಯೆಲ್ಲ ಬೆವರು. ಸದ್ದು ಹತ್ತಿರ ಬಂದಾಗ ನಿಂತಲ್ಲೇ ಕುಣಿಯಲು ಶುರು ಮಾಡಿದಳು — ಯಾರೂ ಹೇಳದೆ, ಮುಂಗಾಲು ಎತ್ತಿ ಎತ್ತಿ. ಏಟು ಬೀಳುವ ಮೊದಲೇ ಕುಣಿದುಬಿಡುವುದು. ಅದನ್ನು ನೋಡುವುದಕ್ಕಿಂತ ಕಚ್ಚಿಸಿಕೊಳ್ಳುವುದು ಸುಲಭ.

ಬಾಗಿಲಿಗೆ ಅಡ್ಡ ನಿಂತೆ, ಸದ್ದಿನ ಕಡೆ ಮುಖ ಮಾಡಿ. ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಏನೋ ಒತ್ತಿತು. ಅವಳ ಹಣೆ. ತಾಶಾ ನಿಲ್ಲುವವರೆಗೆ ಹಾಗೇ ಇಟ್ಟುಕೊಂಡು ನಿಂತಳು.

ಕಾಂಚನಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು, ಇದೇ ಮೊದಲ ಸಲ. ನಾನು ಬಕೆಟ್ ಮೇಲೆ ಕೂರುವುದನ್ನು ಕಾಕಾ ಹೇಳಿಬಿಟ್ಟ.

"ದಿನಾ ಒಂದ್ ತಾಸು?" ಅಂದಳು. "ಸುಮ್ನ?"

"ಹೂಂ."

"ಇಪ್ಪತ್ತೆಂಟ್ ವರ್ಷ ಆತು ಲಗ್ನ ಆಗಿ. ನನ್ ಬಾಜೂಕ ಒಂದ್ ತಾಸು ಸುಮ್ನ ಕುಂತೀರೇನ್ರಿ?"

ನಗುತ್ತಲೇ ಅಂದಳು.  ವಾಪಸ್ ಹೋಗುವಾಗ ಲೋಕಲ್‌ನಲ್ಲಿ ಲೇಡೀಸ್ ಡಬ್ಬಿಗೆ ಹೋಗದೆ ನನ್ನ ಪಕ್ಕ ಕೂತಳು. ಕಲ್ಯಾಣದಿಂದ ಡೊಂಬಿವಲಿ ಎಷ್ಟು ದೂರ, ಎಂಟು ನಿಮಿಷ. ಎಂಟು ನಿಮಿಷ ಸುಮ್ಮನೆ ಕೂತೆವು.

ಏಪ್ರಿಲ್ ೨೦, ಭಾನುವಾರ. ರಾ. ೯.೧೫

ಬರೆಯದೆ ತಿಂಗಳಾಯಿತು. ಚೆನ್ನಾಗಿದ್ದಾಗ ಬರೆಯಲು ಕೈ ಓಡುವುದಿಲ್ಲ.

ಟೆಂಪೋ ಹತ್ತುತ್ತಾಳೆ. ಎಳೆಯುವುದಿಲ್ಲ. ನಾನು ಹಗ್ಗ ಸಡಿಲ ಬಿಟ್ಟು, ಹಿಂದೆ ನೋಡದೆ ಹಲಗೆ ಹತ್ತುತ್ತೇನೆ. ಹಿಂದೆ ಟಕ್ ಟಕ್ ಟಕ್. ಆ ಸದ್ದಿಗಿಂತ ಚೆಂದದ ಸದ್ದು ನಾನು ಕೇಳಿಲ್ಲ.

ಇವತ್ತು ಮಾಜಿವಾಡಾ ಫ್ಲೈಓವರ್ ಕೆಳಗೆ ಮುಕ್ಕಾಲು ತಾಸು ಟ್ರಾಫಿಕ್. ಹಾರ್ನು, ಬಿಸಿಲು, ಪಕ್ಕದಲ್ಲಿ ಟ್ಯಾಂಕರ್. ನಾನು ಹಿಂದೆ ಅವಳ ಜೊತೆಯೇ ನಿಂತಿದ್ದೆ. ಬಸ್ಸಿನ ಕಿಟಕಿಯಿಂದ ಒಂದು ಮಗು ಅವಳಿಗೆ ಟಾಟಾ ಮಾಡಿತು. ಅವಳು ನನ್ನ ಅಂಗಿಯ ಕಾಲರ್ ಬಾಯಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು.

ಮದುವೆಯಲ್ಲಿ ಬ್ಯಾಂಡಿನವರು ಕುಣಿಸು ಕುಣಿಸು ಅಂದರು. "ನಹೀ ನಾಚೇಗಿ", ಕುಣಿಯುವುದಿಲ್ಲ, ಅಂದೆ. ಮದುಮಗನ ಕಾಕಾ ಮುಖ ಗಂಟಿಕ್ಕಿದ. ಇಕ್ಕಲಿ.

ಎಲ್ಲ ಆಯಿತು. ಕೈತುತ್ತು ಮಾತ್ರ ಇಲ್ಲ. ಅಂಗೈಯಲ್ಲಿ ಹುಲ್ಲು ಹಿಡಿದರೆ ಮುಖ ತಿರುಗಿಸುತ್ತಾಳೆ. ಅದೇ ಹುಲ್ಲನ್ನು ನೆಲಕ್ಕೆ ಹಾಕಿದರೆ ತಿನ್ನುತ್ತಾಳೆ.

ಮೇ ೨೮. ಬೆ. ೭.೦೦

ಮಳೆ ಈ ಸಲ ಮೇ ತಿಂಗಳಲ್ಲೇ. ಶೆಡ್ಡಿನ ತಗಡು ಎರಡು ಕಡೆ ಸೋರುತ್ತಿದೆ.

ಚನಿಯ ಕಾಕಾ ಅಕ್ಕನ ಮೊಮ್ಮಗಳ ಮದುವೆಗೆ ಊರಿಗೆ ಹೋಗುವವನು. ಹದಿನೈದು ದಿನವಾದರೂ ಬರುವುದಿಲ್ಲವಂತೆ. ಹೋಗುವ ಮೊದಲು ಪಾಠ ಮಾಡಿದ. "ಹುಲ್ಲು ಜಾಸ್ತಿ, ಕಾಳು ಕಮ್ಮಿ. ಹೊಸ ತಿಂಡಿ ಕೊಡುದಾದ್ರೆ ಒಂದು ಮುಷ್ಟಿ, ಹೆಚ್ಚಿಲ್ಲ. ಕುದುರೆಗೆ ಮೆಲುಕಿಲ್ಲ, ತೇಗಿಲ್ಲ, ವಾಂತಿಯೂ ಇಲ್ಲ. ಒಳಗೆ ಹೋದದ್ದು ಹಿಂದೆ ಬರುದಿಲ್ಲ. ಗೊತ್ತಾಯ್ತಾ?"

ಹೂಂ ಅಂದೆ. ದನದ ಜೊತೆಯೇ ಹುಟ್ಟಿ ಬೆಳೆದವನಿಗೆ ಮೇವಿನ ಪಾಠ! ವಯಸ್ಸಾದವನು, ಹೇಳಲಿ ಬಿಡು.

ಜೂನ್ ೪

ಕಾಕಾನನ್ನು ಠಾಣೆ ರೈಲ್ವೆ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದೆ. ಕಿಟಕಿಯಿಂದ "ಅವಳು ಜಾಗ್ರತೆ" ಅಂದ. ತನ್ನ ಎರಡು ಕುದುರೆಗಳ ಬಗ್ಗೆ ಹೇಳಲೇ ಇಲ್ಲ.

ಜೂನ್ ೧೧, ಬುಧವಾರ. ಮ. ೩.೦೦

ತಿಂದಳು.

ತಿಂದಳು! ನನ್ನ ಕೈಯಿಂದ!

ನಿಧಾನ. ಸರಿಯಾಗಿ ಬರೆಯಬೇಕು. ನಿನ್ನೆ ಇಲ್ಲಿಯ ಹೆಂಗಸರು ವ್ರತ ಅಂತ ಆಲದ ಮರಕ್ಕೆ ದಾರ ಸುತ್ತಿದರು. ಇವತ್ತು ನಮ್ಮ ಕಾರಹುಣ್ಣಿಮೆ. ಊರಲ್ಲಾಗಿದ್ದರೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹುಗ್ಗಿ ತಿನ್ನಿಸುವ ದಿನ. ಇಲ್ಲಿಗೆ ಬಂದ ಮೂವತ್ತು ವರ್ಷದಲ್ಲಿ ಈ ಹಬ್ಬ ಮಾಡಲು ಮನೆಯಲ್ಲಿ ಪ್ರಾಣಿಯೇ ಇರಲಿಲ್ಲ. ಈ ವರ್ಷ ಇದ್ದಾಳೆ.

ಕಾಂಚನಾ ಬೆಳಗಿನ ಜಾವ ಎದ್ದು ಹುಗ್ಗಿ ಮಾಡಿದಳು. ಕುಟ್ಟಿದ ಗೋಧಿ ಮೂರು ಕಿಲೋ, ಬೆಲ್ಲ ಒಂದೂವರೆ. ತುಪ್ಪ ನಾನೇ ಮೇಲಿಂದ ಸುರಿದೆ. ಎರಡು ಸ್ಟೀಲ್ ಡಬ್ಬಿಯಲ್ಲಿ ತುಂಬಿ ಲೋಕಲ್ ಹತ್ತಿದೆವು. ಡಬ್ಬಿಯ ವಾಸನೆಗೆ ಪಕ್ಕದವನು "ಕಾಯ್ ಆಹೇ, ಕಾಕಾ?" ಅಂತ ಡಬ್ಬಿಯಲ್ಲಿ ಏನಿದೆ ಕೇಳಿದ. ಮನೆಯ ಹಬ್ಬ ಅಂದೆ.

ಮೈ ತೊಳೆದೆ. ಹಣೆಗೆ ಕುಂಕುಮ. ಅವಳಿಗೆ ಕೋಡಿಲ್ಲವಲ್ಲ, ಕಾಂಚನಾ ಕುತ್ತಿಗೆಯ ಕೇಸರದ ಕೂದಲಿಗೆ ಹಳದಿ ಬಳಿದಳು. ಕಾಲಿಗೆ ಗೆಜ್ಜೆ ಬೇಡ ಅಂದೆ, ಕುಣಿಸುತ್ತಾರೆ ಅಂತ ಹೆದರಿಯಾಳು. ಆರತಿ ಎತ್ತಿದಾಗ ಕಿವಿ ಮುಂದೆ ಮಾಡಿ ನೋಡುತ್ತಿದ್ದಳು.

ಅಂಗೈಯಲ್ಲಿ ಹುಗ್ಗಿ ಹಿಡಿದೆ. ಮುಖ ತಿರುಗಿಸಿದಳು. ನಾನೂ ತಿರುಗಿಸಿದೆ. ಅವಳಿಗೆ ಬೆನ್ನು ಹಾಕಿ, ಕೈ ಮಾತ್ರ ಹಿಂದಕ್ಕೆ ಚಾಚಿ ನಿಂತೆ. ಎಷ್ಟು ಹೊತ್ತೋ. ಕೈ ಸೋತಿತು. ಕಾಂಚನಾ ಬಾಯಿಗೆ ಸೆರಗು ಇಟ್ಟುಕೊಂಡು ನಿಂತಿದ್ದಳು, ಅವಳ ಕಣ್ಣು ಅಗಲವಾದದ್ದು ಕಂಡಿತು. ಅಂಗೈಗೆ ಮೆತ್ತನೆಯ ತುಟಿ. ಒದ್ದೆ ನಾಲಗೆ. ಖಾಲಿಯಾದ ಮೇಲೂ ನೆಕ್ಕುತ್ತಿದ್ದಳು.

ಇನ್ನೊಂದು ತುತ್ತು. ಮತ್ತೊಂದು. ನಿಲ್ಲಿಸಲು ಮನಸ್ಸೇ ಬರಲಿಲ್ಲ. ಅವಳಿಗೂ, ನನಗೂ. ಎರಡು ಡಬ್ಬಿ ತಳ ಕೆರೆದು ಖಾಲಿ. ಕಾಂಚನಾ ಕೂಡ ಕೊನೆಯ ನಾಲ್ಕು ತುತ್ತು ತಿನ್ನಿಸಿದಳು.

"ಬಾಣಂತಿ ಉಂಡಂಗ ಉಂಡ್ಳು ನೋಡ್ರಿ" ಅಂದಳು.

ಅಪ್ಪಾ, ನೋಡು. ಇವತ್ತು ನಾನು ಮಾಲೀಕ. ಐವತ್ತೆರಡು ವರ್ಷದ ಗಂಡಸು ತಬೇಲಾದ ಹಿಂದೆ ನಿಂತು ಗೊಳೋ ಅಂತ ಅತ್ತೆ.

ಜೂನ್ ೧೨. ಬೆ. ೫.೨೦

ಹುಲ್ಲು ಮುಟ್ಟಿಲ್ಲ. ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಾಳೆ. ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಾಳೆ. ಮಳೆಯ ತಂಪಿನಲ್ಲೂ ಬೆವರು.

ಹೊಟ್ಟೆ ಉಬ್ಬರ. ಎತ್ತಿಗೂ ಆಗುತ್ತದೆ. ಗೊಟ್ಟ ಹಾಕಿದರೆ ಇಳಿಯುತ್ತದೆ — ಬಿದಿರಿನ ಕೊಳವೆಯಲ್ಲಿ ಎಣ್ಣೆ, ಓಮ ತುಂಬಿ ಗಂಟಲಿಗೆ ಸುರಿಯುವುದು. ಇಲ್ಲಿ ಬಿದಿರು ಎಲ್ಲಿಯದು, ಬಾಟಲಿ ಸಾಕು. ಎಮ್ಮೆಯವರಿಂದ ಎಣ್ಣೆ ತರುತ್ತೇನೆ.

ಬೆ. ೯.೪೦

ಈಗಷ್ಟೇ ಬಕೆಟ್ ಮೇಲೆ ಕೂತೆ.

ಬಾಟಲಿ ಬಾಯಿಗೆ ಹಿಡಿದೆ. ತಲೆ ಎತ್ತಿ ಬಾಯಿ ತೆರೆದಳು. ನೋವಿನಲ್ಲೂ ತೆರೆದಳು, ನನ್ನ ಕೈ ಎಂದು. ಯಾಕೋ ಕಾಕಾಗೆ ಒಂದು ಫೋನ್ ಮಾಡಿಯೇ ಸುರಿಯೋಣ ಅನಿಸಿತು. ದೇವರು ದೊಡ್ಡವನು.

"ಎಂತ ತಿಂದಿದ್ದಾಳೆ ನಿನ್ನೆ?" ಕೇಳಿದ.

ಹೇಳಿದೆ.

"ಎಷ್ಟು?"

ಹೇಳಿದೆ.  ಫೋನಿನಲ್ಲಿ ಅಲ್ಲಿಯ ಮಳೆಯ ಸದ್ದು ಕೇಳುತ್ತಿತ್ತು.

"ಮಾನಪ್ಪಾ, ಬಾಟ್ಲಿ ಕೆಳಗಿಡು. ಎಣ್ಣೆ ಶ್ವಾಸಕ್ಕೆ ಹೋದ್ರೆ ಅಲ್ಲೇ ಬೀಳ್ತಾಳೆ. ಡಾಕ್ಟರ್ ಹಿತೇಶ್ ನಂಬರ್ ಕಳಿಸ್ತೇನೆ. ಈಗ್ಲೇ ಕರಿ. ಮಲಗ್ಲಿಕ್ಕೆ ಬಿಡ್ಬೇಡ, ನಡೆಸ್ತಾ ಇರು."

ಮಳೆಯಲ್ಲಿ ಮೂರು ತಾಸು ನಡೆಸಿದೆ. ನಾನು ಮುಂದೆ, ಅವಳು ಹಿಂದೆ. ನೋವು ಬಂದಾಗ ನಿಂತು ನನ್ನ ಬೆನ್ನಿಗೆ ಹಣೆ ಒತ್ತುತ್ತಿದ್ದಳು. ಡಾಕ್ಟರು ಮೂಗಿನಿಂದ ಉದ್ದನೆಯ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ಹುಗ್ಗಿ. ಗೋಧಿ ಗೋಧಿಯೇ ಬಂತು. ಉಳಿದದ್ದು ಮುಂದೆ ಕರುಳಿಗೆ ಹೋಗಿಬಿಟ್ಟಿದೆಯಂತೆ.

"ಇತನಾ ಕಿಸನೇ ಖಿಲಾಯಾ?" ಇಷ್ಟೊಂದು ತಿನ್ನಿಸಿದ್ದು ಯಾರು ಅಂತ ಕೇಳಿದರು.

"ಮೈನೇ." ನಾನೇ.

ಅವರು ನಳಿಗೆ ತೊಳೆದು ಸುತ್ತಿಟ್ಟರು.

ಜೂನ್ ೧೩. ಬೆ. ೭.೦೦

ನೋವು ಇಳಿದಿದೆ. ನೀರು ಕುಡಿದಳು. ಲದ್ದಿ ಹಾಕಿದಳು. ಲದ್ದಿ ನೋಡಿ ಕೈ ಮುಗಿದೆ.

ಎರಡು ಎಳೆ ಹುಲ್ಲು, ಕೈಯಿಂದ. ತಿಂದಳು. ನೆಲದ ಮೇಲೆ ಹಾಕಿದ್ದನ್ನು ಮುಟ್ಟಲಿಲ್ಲ. ಬದುಕಿದೆ ಅಂದುಕೊಂಡೆ.

ಜೂನ್ ೧೪. ಬೆ. ೬.೦೦

ನಿಂತಿರುವ ರೀತಿ ಸರಿಯಿಲ್ಲ. ಮುಂಗಾಲು ಮುಂದೆ ಚಾಚಿ, ಭಾರವೆಲ್ಲ ಹಿಂದಕ್ಕೆ. ಗೊರಸು ಮುಟ್ಟಿದರೆ ಬಿಸಿ. ಟೆಂಪೋ ಎಂಜಿನ್ ಮುಟ್ಟಿದ ಹಾಗೆ.

ಡಾಕ್ಟರು ನೋಡಿ ಬಾಯಿ ಬಿಗಿದುಕೊಂಡರು. "ಪೇಟ್ ಕಾ ಜಹರ್ ಖುರ್ ಮೇ ಉತರ್ ಗಯಾ ಹೈ." ಹೊಟ್ಟೆಯ ವಿಷ ಗೊರಸಿಗೆ ಇಳಿದಿದೆ. ಗೊರಸಿನೊಳಗಿನ ಎಲುಬು ಹಿಡಿತ ಬಿಟ್ಟು ಜಾರಬಹುದು. ಮಂಜುಗಡ್ಡೆಯಲ್ಲಿ ನಿಲ್ಲಿಸಿ, ಕಾದು ನೋಡೋಣ.

ಗೋಧಿ ಹೊಟ್ಟೆಗೆ ಹೋಗಿ ಕಾಲು ಕೆಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಮುಷ್ಟಿ ಸಾಕು ಎಂದು ಕಾಕಾ ಹೇಳಿದ್ದು ಗೊತ್ತಿತ್ತು.

ಜೂನ್ ೧೭

ಮೀನು ಮಾರ್ಕೆಟ್‌ನಿಂದ ಮಂಜು. ಬೆಳಗ್ಗೆ ಎರಡು ಚೀಲ, ಸಂಜೆ ಎರಡು. ರಬ್ಬರ್ ಟಬ್ಬಿನಲ್ಲಿ ಮುಂಗಾಲು. ನಾನು ಪಕ್ಕದಲ್ಲಿ ಬಕೆಟ್ ಮೇಲೆ. ಟಬ್ಬಿನಿಂದ ಕಾಲು ತೆಗೆಯುವುದಿಲ್ಲ. ನಾನು ಇಟ್ಟಿದ್ದೇನೆ ಅಂತ ಹಾಗೇ ನಿಂತಿರುತ್ತಾಳೆ. ಮೈಗೆ ಮೀನಿನ ವಾಸನೆ ಹತ್ತಿದೆ, ಇಬ್ಬರಿಗೂ.

ಮನೆಯಲ್ಲಿ ಕಾಂಚನಾ ಅಡಿಗೆ ಮನೆಯಲ್ಲಿ ಒಬ್ಬಳೇ ಕೂತಿದ್ದಳು. ಹುಗ್ಗಿ ಮಾಡಿದ ಪಾತ್ರೆ ಎದುರಿಗೆ.

"ಕುದಿಸಿದಾಕಿ ನಾನಽ" ಅಂದಳು. "ಇನ್ನ ಸ್ವಲ್ಪ ಬೆಲ್ಲಾ ಹಾಕ್ಲಿ ಅಂತ ಹಾಕ್ದಾಕೀನೂ ನಾನಽ."

"ತಿನ್ನಿಸಿದಾಂವ ನಾ."

"ನಾನೂ ತಿನ್ಸೀನಿ. ನಾಕ್ ತುತ್ತ."

ಪಕ್ಕದಲ್ಲಿ ಕೂತೆ. ಒಂದು ತಾಸು. 

ಜೂನ್ ೨೧. ಸಂ. ೬.೩೦

ಕಾಕಾ ಬಂದ. ಸ್ಟೇಷನ್ನಿನಿಂದ ನೇರ, ಚೀಲ ಹೆಗಲಲ್ಲೇ. ಮಂಡಿಯೂರಿ ಕೂತು ಎರಡೂ ಗೊರಸು ಮುಟ್ಟಿ ನೋಡಿದ. ಎದ್ದು ಹೊರಗೆ ಹೋದ. ಬೀಡಿ ಹಚ್ಚಿದ. ಮಳೆಗೆ ಆರಿತು, ಆರಿದ ಬೀಡಿಯನ್ನೇ ಎಳೆಯುತ್ತಿದ್ದ.

"ಬೈರಿ ಕಾಕಾ" ಅಂದೆ. "ಹೇಳಿದ್ದೆ ಅಂತರೆ ಅನ್ರಿ."

"ಎಂತ ಬೈಯುದು ಮಾರಾಯ? ನಾನು ಹೋಗ್ಬಾರ್ದಿತ್ತು."

ಬೈದಿದ್ದರೆ ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬರುತ್ತಿತ್ತು.

ಜೂನ್ ೨೪. ಮ. ೧೨.೦೦

ಏಳುತ್ತಿಲ್ಲ. ಎರಡು ದಿನವಾಯಿತು. ಎಕ್ಸ್‌ರೇ ತೋರಿಸಿದರು. ನನಗೆ ಏನೂ ತಿಳಿಯಲಿಲ್ಲ, ಕಾಕಾ ನೋಡಿ ಮುಖ ತಿರುಗಿಸಿದ. ಎಲುಬು ಗೊರಸಿನ ತಳಕ್ಕೆ ಬಂದಿದೆ. ಇನ್ನು ನಿಂತರೆ ಹೊರಗೆ ಬರುತ್ತದೆ. ಇದಕ್ಕೆ ಮುಂದೆ ಔಷಧ ಇಲ್ಲ. ಬಿಟ್ಟರೆ ಇನ್ನೂ ವಾರ, ಎರಡು ವಾರ ಹೀಗೇ ನರಳುತ್ತಾಳೆ. ಹಾಗೆ ಬಿಡುವುದು ಪಾಪ ಅಂದರು ಡಾಕ್ಟರು. ಇಂಜೆಕ್ಷನ್‌ನಿಂದ ಕಾಯಂ ಮಲಗಿಸಬಹುದು. ನೋವಾಗುವುದಿಲ್ಲ.

ಬೇರೆ ಯಾರ ಕೈಯಿಂದಲೂ ತಿನ್ನುವುದಿಲ್ಲ ಈಗ. ಕಾಕಾ ಕೊಟ್ಟರೆ ಇಲ್ಲ. ಕಾಂಚನಾ ಕೊಟ್ಟರೆ ಇಲ್ಲ. ನಾನು ಒಂದೊಂದೇ ಎಳೆ ಹುಲ್ಲು ಹಿಡಿಯುತ್ತೇನೆ, ಮಲಗಿದಲ್ಲೇ ಕತ್ತು ಎತ್ತಿ ತಿನ್ನುತ್ತಾಳೆ. ಇದನ್ನೇ ಅಲ್ಲವೇ ನಾನು ಬೇಡಿಕೊಂಡದ್ದು. ಈ ಕೈಯನ್ನು ಕಡಿದು ಹಾಕೋಣ ಅನಿಸುತ್ತದೆ. ಆಮೇಲೆ ಅವಳಿಗೆ ಹುಲ್ಲು ಕೊಡುವವರು ಯಾರು.

ಜೂನ್ ೨೫

ಡಾಕ್ಟರು ಹತ್ತಿರ ಹೋದರೆ ಮಲಗಿದಲ್ಲೇ ಕಚ್ಚಲು ಬರುತ್ತಾಳೆ. ಸೂಜಿ ಸರಿಯಾಗಿ ನರಕ್ಕೆ ಹೋಗಬೇಕು, ತಲೆ ಅಲ್ಲಾಡಬಾರದು. ಹಗ್ಗ ಹಾಕಿ ನಾಲ್ಕು ಜನ ಅದುಮಿ ಹಿಡಿಯಬಹುದು. ಇಲ್ಲವೇ —

"ಆಪ್ ಪಕಡಿಯೇ ಮಾನಪ್ಪಾಜೀ. ಸಿರ್ಫ್ ಆಪ್ ಪರ್ ಭರೋಸಾ ಕರತೀ ಹೈ."

ನನ್ನನ್ನು ಮಾತ್ರ ನಂಬುತ್ತಾಳೆ. ಅದಕ್ಕೇ ನಾನು ಹಿಡಿಯಬೇಕು.

ಜೂನ್ ೨೬, ಗುರುವಾರ. ಬೆ. ೧೦.೧೫

ಹನ್ನೊಂದಕ್ಕೆ ಬರುತ್ತಾರೆ.

ಮಳೆ ನಿಂತಿದೆ. ಬಕೆಟ್ ಮೇಲೆ ಕೂತಿದ್ದೇನೆ. ಇವತ್ತು ಅವಳ ಕಡೆ ಮುಖ ಮಾಡಿ. ಕೇಸರದಲ್ಲಿ ಹಬ್ಬದ ಹಳದಿ ಇನ್ನೂ ಅಲ್ಲಲ್ಲಿ ಉಳಿದಿದೆ.

ಕಾಂಚನಾ ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಬಂದಿದ್ದಾಳೆ. "ಬಾಯಿ ಸೀ ಮಾಡ್ಕೊಂಡ್ ಹೋಗ್ಲಿ. ಇವತ್ತ ಏನ್ ಕೊಟ್ರೂ ಚಿಂತಿಲ್ಲ ಅಂದಾರ ಡಾಕ್ಟರ್ರು."

ತೆಗೆದುಕೊಂಡೆ. ಒಂದು ಕೈಯಲ್ಲಿ ಬೆಲ್ಲ. ಇನ್ನೊಂದು ಕೈಯಲ್ಲಿ ಅವಳ ಮುಖದ ಹಗ್ಗ. ಕಾಕಾ ನನ್ನನ್ನೇ ನೋಡುತ್ತಿದ್ದ. ಆಗ ತಿಳಿಯಿತು, ನಾನು ಹೇಗೆ ನಿಂತಿದ್ದೇನೆ ಅಂತ. ಮೊದಲಿನವನು ಹೀಗೇ ನಿಲ್ಲುತ್ತಿದ್ದದ್ದು.

ಬೆಲ್ಲ ಕಾಂಚನಾಗೆ ವಾಪಸ್ ಕೊಟ್ಟೆ. ಹಗ್ಗ ಬಿಚ್ಚಿದೆ. ಕಾಕಾ ಮೆಲ್ಲಗೆ ಅಂದ, "ಹಗ್ಗ ಇಲ್ದೆ ಹೇಗೆ ಹಿಡಿಯುದು?"

"ಅಲ್ಲಾಡೂದಿಲ್ಲ" ಅಂದೆ. "ನಾ ಅಂದ್ರ ಅಲ್ಲಾಡೂದಿಲ್ಲ."

ಸುಳ್ಳು ಹೇಳಿ ಕೊಲ್ಲುವುದಿಲ್ಲ. ಕೊಲ್ಲುವುದಂತೂ ನಿಜ. ಆ ಹುಣ್ಣಿಮೆಯ ದಿನವೇ ಆಗಿಹೋಗಿದೆ, ಉಳಿದದ್ದು ಇವತ್ತು.

ಬೆ. ೧೦.೫೫

ಗೇಟಿನ ಹತ್ತಿರ ಡಾಕ್ಟರ ಸ್ಕೂಟರ್. ಅವಳಿಗೂ ಕೇಳಿಸಿತು, ಕಿವಿ ನೆಟ್ಟಗಾಯಿತು. ಬರಿಗೈ ಚಾಚಿದ್ದೇನೆ, ಬಲಗೈಯಲ್ಲಿ ಪೆನ್ನು. ಎಡ ಅಂಗೈ ಮೂಸಿದಳು. ಹುಡುಕಿದಳು. ಏನೂ ಇಲ್ಲ ಅಂತ ಗೊತ್ತಾಯಿತು. ಆದರೂ ಮೂತಿ ತೆಗೆಯಲಿಲ್ಲ. ಅಲ್ಲೇ ಇಟ್ಟುಕೊಂಡು, ಪೂರ್ತಿ ಭಾರ ಬಿಟ್ಟು, ಕಣ್ಣು ಮುಚ್ಚಿದಳು. ಪೆನ್ನು ಕೆಳಗಿಡುತ್ತೇನೆ, ತಲೆ ಹಿಡಿಯಲು ಎರಡೂ ಕೈ ಬೇಕು.